ಉಬ್ಬರವಿಳಿತದ ಪಟ್ಟಿಯ ಹಿಂಬದಿ

ಹೊಸ ವರ್ಷದ ಮೊದಲ ಭಾನುವಾರ
ನಾನೇ ಹಂಚಿದ್ದೆ ಹಾಳೆಗಳನ್ನು.
ಹನ್ನೆರಡು ತಿಂಗಳು, ಹನ್ನೆರಡು ಚೌಕ,
ತಲೆಯ ಮೇಲೆ ದಪ್ಪಕ್ಷರದಲ್ಲಿ:
ಈ ವರ್ಷ ನಿಮ್ಮ ಆತ್ಮ ಎಲ್ಲಿಂದ ಎಲ್ಲಿಗೆ?
ನನಗಾಗ ಇಪ್ಪತ್ತೊಂಬತ್ತು. ಫಂಡಿ ಕೊಲ್ಲಿಯ
ಈ ದ್ವೀಪಕ್ಕೆ ಬಂದು ಮೂರೇ ತಿಂಗಳು.
ದೋಣಿಯ ಹಗ್ಗ ಬಿಗಿಯಲೂ ಬಾರದವನು
ಆತ್ಮಗಳಿಗೆ ದಾರಿಯ ನಕ್ಷೆ ಬರೆದಿದ್ದೆ.

ಆರ್ಡಿತ್ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ
ಕುಂಟುವ ಬೆಂಚಿನ ಕಾಲಡಿ ತುರುಕಿದಳು.
ಬೆಂಚು ನೆಟ್ಟಗೆ ನಿಂತಿತು.
ನೋಡಿದೆ. ಏನೂ ಅನ್ನಲಿಲ್ಲ.

ಅರವತ್ತೆಂಟರ ಹೆಂಗಸು. ನೀರು ಇಳಿದ ಹೊತ್ತಿಗೆ
ಬಂಡೆಗಳ ಮೇಲೆ ಬಾಗಿ ಡಲ್ಸ್ ಕೀಳುವವಳು,
ಒಣಗಿದ ರಕ್ತದ ಬಣ್ಣದ ಕಡಲಪಾಚಿ.
ಹೂ ಬಿಡಿಸಿದಂತಲ್ಲ ಅದು,
ಹಟಮಾರಿ ಮಗುವಿನ ತಲೆಸಿಕ್ಕು ಬಿಡಿಸಿದಂತೆ.
ಅಡುಗೆಮನೆಯ ಮೊಳೆಗೆ ತೂಗುತ್ತಿರುತ್ತದೆ
ವರ್ಷವಿಡೀ ಉಬ್ಬರವಿಳಿತದ ಪಟ್ಟಿ:
ಬೆಳಗಿನ ನಾಲ್ಕು ಹತ್ತು, ಸಂಜೆಯ ನಾಲ್ಕು ಮೂವತ್ತೈದು,
ನಾಳೆಗೆ ಇನ್ನೈವತ್ತು ನಿಮಿಷ ತಡ.

ಆಗಸ್ಟಿನಲ್ಲಿ ಚಹಾಕ್ಕೆ ಕರೆದಳು.
ಪಟ್ಟಿಯನ್ನು ಮೊಳೆಯಿಂದ ಇಳಿಸಿ, ಬೆನ್ನು ತಿರುಗಿಸಿ
"ನಿಮ್ಮ ಹಾಳೆಗೆ ಉತ್ತರ" ಎಂದಳು.
ಪೆನ್ಸಿಲ್ಲಿನ ಬರಹ. ಅಲ್ಲಲ್ಲಿ ಉಪ್ಪುನೀರಿನ ಕಲೆ.

ಬೂಟು ಹಾಕುವ ಮುಂಚೆ ಒಂದು ಕೀರ್ತನೆ.
ಬುಧವಾರ ಮಧ್ಯಾಹ್ನ ಊಟವಿಲ್ಲ, ಆ ದುಡ್ಡು ಡಬ್ಬಿಗೆ.
ಮಗ ಕುಡಿದು ಬಂದಾಗ ಬಾಯಿ ಮುಚ್ಚುವುದು,
ಬಾಗಿಲು ಮುಚ್ಚಬಾರದು.
ವರ್ನಾಳನ್ನು ಕ್ಷಮಿಸುವುದು.

ಕೀರ್ತನೆಯ ಮುಂದೆ ಗೀಟುಗಳು, ಬೇಲಿಯ ಗೂಟದ ಹಾಗೆ;
ನಡುನಡುವೆ ದನ ನುಗ್ಗುವಷ್ಟು ಸಂದು.
ಬುಧವಾರಗಳು ಅರ್ಧಂಬರ್ಧ.
ಏಪ್ರಿಲಿನಲ್ಲೊಂದು ತಪ್ಪೊಪ್ಪಿಗೆ:
ಸೂಪು ಊಟವಲ್ಲ ಅಂದುಕೊಂಡೆ.
ವರ್ನಾ ಮಾತ್ರ, ಸತ್ತ ತಮ್ಮನ ಹೆಂಡತಿ,
ಬಡಗಣ ಬಂಡೆಗಳೆಲ್ಲ ತನ್ನವೆಂದವಳು,
ಜನವರಿಯಿಂದ ಫೆಬ್ರವರಿಗೆ, ಅಲ್ಲಿಂದ ಮಾರ್ಚಿಗೆ
ಬಾಣದ ಗುರುತು ಹಿಡಿದು ದಾಟುತ್ತಲೇ ಇದ್ದಳು
ಅಂಗಡಿಯ ಹಳೆಯ ಬಾಕಿಯಂತೆ.

ಜುಲೈ ಹದಿನೇಳರ ಎದುರು ಮೂರು ಸಾಲು.
ಅಂದು ವರ್ನಾ ಆಸ್ಪತ್ರೆಗೆಂದು ಹಡಗು ಹತ್ತಿದ್ದಳಂತೆ.
ಕಲ್ಲುಹಾಸಿನ ಬಲೆಯ ಮೇಲೆ ಅವಳ ಡಲ್ಸ್
ಅರೆಬರೆ ಒಣಗಿ ಬಿದ್ದಿತ್ತು. ಪಡುವಣದಲ್ಲಿ ಮೋಡ.
ಹನಿ ಬಿದ್ದರೆ ಅಷ್ಟೂ ಗೊಬ್ಬರ.
ಆರ್ಡಿತ್ ಬರೆದಿದ್ದಳು:
ಎತ್ತಿಟ್ಟೆ, ಹನ್ನೊಂದು ಚೀಲ.
ಉದ್ದಕ್ಕೂ ಬೈಯುತ್ತಲೇ ಎತ್ತಿದೆ.
ಮೂರನೆಯ ಸಾಲಿನಲ್ಲಿ ಬರೀ ಒಂದು ಪ್ರಶ್ನೆಯ ಚಿಹ್ನೆ.

"ಇದು ಲೆಕ್ಕಕ್ಕೆ ಬರುತ್ತಾ, ಪಾಸ್ಟರ್?"
ಸೆಮಿನರಿಯ ನಾಲ್ಕು ವರ್ಷ ನಾಲಗೆಗೆ ಬಂದು
ಹಲ್ಲಿನ ಹಿಂದೆ ಸಾಲುಗಟ್ಟಿ ನಿಂತವು.
ಚಹಾ ಬಿಸಿಯಿದೆ ಎಂದೆ.

ಕಿಟಕಿಯಾಚೆ ನೀರು ಹಿಂದೆ ಸರಿಯುತ್ತಿತ್ತು.
"ಅದನ್ನು ನಾನು ಇಳಿಸುವುದಿಲ್ಲ" ಅಂದಳು,
"ಅರವತ್ತು ವರ್ಷದಲ್ಲಿ ಒಂದಂಗುಲವೂ ಇಳಿಸಿಲ್ಲ.
ಇಳಿಯುವ ಹೊತ್ತು ಮಾತ್ರ ಗೊತ್ತು ಮಾಡಿಕೊಂಡು
ಬುಟ್ಟಿ ಹಿಡಿದು ಅಲ್ಲಿರುತ್ತೇನೆ.
ಹಾಸಿಗೆಯಲ್ಲಿದ್ದವಳ ಬುಟ್ಟಿಗೆ ಕಡಲು ತಾನಾಗಿ ಬಂದು
ತುಂಬಿದ್ದನ್ನು ನಾನಂತೂ ಕಂಡಿಲ್ಲ."
ಆಮೇಲೆ ಪಟ್ಟಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ
ಬಿಸ್ಕತ್ತು ತೆಗೆದುಕೊಳ್ಳಿ ಅಂದಳು.
ಅಂದು ಬುಧವಾರ. ಅವಳು ಮುಟ್ಟಲಿಲ್ಲ.

ಮುಂದಿನ ಜನವರಿಯಲ್ಲಿ ನಾನು ಹಾಳೆ ಹಂಚಲಿಲ್ಲ.
ಹಡಗುಕಟ್ಟೆಯ ಅಂಗಡಿಯಲ್ಲೊಂದು ಪಟ್ಟಿ ಕೊಂಡು
ಹಿಂಬದಿಯಲ್ಲಿ ಒಂದೇ ಹೆಸರು ಬರೆದೆ.
ಯಾರದೆಂದು ಇಲ್ಲಿ ಹೇಳಲಾರೆ.
ನಾಲ್ಕು ಬಾಣ ದಾಟಿ ಈಗ ಮೇ ತಿಂಗಳಲ್ಲಿದೆ.

ನಾಳೆ ಇಳಿತ ಐದು ಇಪ್ಪತ್ತಕ್ಕೆ.
ಆರ್ಡಿತ್ ಕೊಟ್ಟ ಬೂಟು, ಒಂದು ಅಳತೆ ದೊಡ್ಡದು,
ಬಾಗಿಲ ಬಳಿ ಇಟ್ಟಿದ್ದೇನೆ.
ಸಭೆಯಲ್ಲಿ ನನ್ನ ಹನ್ನೆರಡು ಚೌಕಗಳು
ಬೆಂಚಿನ ಕಾಲಡಿ ಇನ್ನೂ ಇವೆ,
ಯಾರದೋ ಭಾರ ಹೊತ್ತುಕೊಂಡು.